ಗೋಡೆಯ ಮೇಲೆ ಅಕ್ಕು

ಕಾವಲುಗಾರ ಕೊಟ್ಟ ಏಟಿಗೆ ಸೈದಪ್ಪನ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನೆಲಕ್ಕೆ ಬಿತ್ತು. ಎತ್ತಿಕೊಡಲು ಯಾರೂ ಬಗ್ಗಲಿಲ್ಲ. ವನಮಾಲಾ ಕೂಡ ಬಗ್ಗಲಿಲ್ಲ.

"ಚಲ, ನೀಘ ಬಾಹೇರ್!" ಕಾವಲುಗಾರ ಅವನ ರಟ್ಟೆ ಹಿಡಿದು ಬಾಗಿಲ ಕಡೆಗೆ ನೂಕಿದ.

ಹೊಸ್ತಿಲ ಬಳಿ ಸೈದಪ್ಪ ಕಾಲೂರಿ ನಿಂತ. ಹೊಡೆದವನನ್ನು ಬಿಟ್ಟು ವನಮಾಲಾಳ ಮುಖ ನೋಡಿದ.

"ಅಕ್ಕಾರ, ಒಂದ ಮಾತ ಕೇಳ್ರಿ. ಆ ಗೀರು..."

ವನಮಾಲಾ ಅಂಗೈ ಎತ್ತಿ ತಡೆದಳು. "ಸಾಕು. ಇನ್ನು ಆಫೀಸಿನವರ ಹತ್ತಿರ ಹೇಳು."

ಅವನು ಹೋದ. ಚಿತ್ರಶಾಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದ ಡೊಂಬಿವಲಿಯ ಕರಾವಳಿ ಕನ್ನಡಿಗರ ಪಡುಗಡಲ ಬಳಗದವರು ಹಿಡಿದಿದ್ದ ಉಸಿರು ಬಿಟ್ಟರು. ಕಲ್ಯಾಣದಾಚೆಯ ಚಿಂಚಣಗಡ ಅರಮನೆ ನೋಡಲು ಭಾನುವಾರ ಬಸ್ಸು ಮಾಡಿಕೊಂಡು ಬಂದವರ ಮೇಲೆ ಬಿದ್ದಿದ್ದ ಅಪವಾದ ಹೀಗೆ ಕೂಲಿಯವನೊಬ್ಬನ ತಲೆಗೆ ದಾಟಿತು.

ಬೆಳಿಗ್ಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಹೊರಗಿನ ದರ್ಬಾರಿನ ನಾಲ್ಕೂ ಗೋಡೆಗಳ ಮೇಲೆ ದಿಬ್ಬಣವೊಂದು ಸಾಗುತ್ತಿತ್ತು. ಆನೆ, ಕುದುರೆ, ಪಲ್ಲಕ್ಕಿ, ತುತ್ತೂರಿ ಊದುವವರು, ಅವರ ಕಾಲಡಿ ಓಡುವ ನಾಯಿಮರಿ. ಗೇರುಗೆಂಪು, ದಟ್ಟ ನೀಲಿ, ಅರಿಸಿನದ ಬಣ್ಣ. ಮಾಡಿನ ಹಲಗೆಗಳಲ್ಲಿ ದಶಾವತಾರ. ಕತ್ತು ನೋಯುವಷ್ಟು ಹೊತ್ತು ಎಲ್ಲರೂ ಮೇಲೆಯೇ ನೋಡಿದರು. ಆಮೇಲೆ ಕತ್ತಲ ಓಣಿಯೊಂದನ್ನು ದಾಟಿ, ತಗ್ಗಿನ ಬಾಗಿಲಲ್ಲಿ ನುಸುಳಿ, ಒಳಗಿನ ಚಿತ್ರಶಾಲೆಗೆ ಬಂದರು. ಅಲ್ಲಿ ಹೆಂಗಸರದೇ ಲೋಕ. ಉಯ್ಯಾಲೆ ತೂಗುವವರು, ಕೊಳದಲ್ಲಿ ನೀರಾಡುವವರು, ಮಣಿಕಟ್ಟಿನ ಮೇಲೆ ಗಿಣಿ ಕೂರಿಸಿಕೊಂಡ ರಾಣಿ, ಅವಳಿಗೆ ಬೀಸಣಿಗೆ ಬೀಸುವ ಸೇವಕಿ.

ಊಟ ಮುಗಿಯುವಷ್ಟರಲ್ಲಿ ಅರಮನೆಯ ಅಧಿಕಾರಿ ಕೂಗಾಡುತ್ತ ಬಂದರು. ಬೀಸಣಿಗೆಯವಳ ಪಾದದಡಿ ಯಾರೋ ಹೆಸರು ಗೀಚಿದ್ದರು. ನೆಲದ ಮೇಲೆ ಬಿಳಿ ಪುಡಿ ಬಿದ್ದಿತ್ತು. ಲಿಪಿ ಕನ್ನಡ.

'ಅಕ್ಕು' ಎಂದಿತ್ತು.

"ಇವತ್ತು ಬಂದ ಕನ್ನಡದವರು ನೀವೇ. ಕಂಪ್ಲೇಂಟ್ ಕೊಡುತ್ತೇನೆ," ಎಂದರು ಅಧಿಕಾರಿ.

ಬಳಗದ ಅಧ್ಯಕ್ಷ ಸರ್ವೋತ್ತಮ ಆಗ ವನಮಾಲಾಳನ್ನು ಮುಂದೆ ಕರೆದರು. "ನಮ್ಮ ವನಮಾಲಕ್ಕ ಡಿಟೆಕ್ಟಿವ್. ಅವರು ನೋಡಿ ಹೇಳ್ತಾರೆ."

ವನಮಾಲಾ ಡೊಂಬಿವಲಿಯಲ್ಲಿ ಒಂದು ಕೋಣೆಯ ಪತ್ತೇದಾರಿ ಆಫೀಸು ಇಟ್ಟುಕೊಂಡಿದ್ದವಳು. ಮದುವೆಗೆ ಮುಂಚೆ ಹುಡುಗನ ನಡತೆ ವಿಚಾರಿಸಿ ಕೊಡುವುದೇ ಅವಳ ಮುಖ್ಯ ಕಸುಬು. ಊರವರೆಲ್ಲ ಸುತ್ತ ನಿಂತು ತನ್ನ ಬಾಯಿಯನ್ನೇ ನೋಡಿದ್ದು ಅದೇ ಮೊದಲು. ಅವಳು ಪುಡಿ ಮುಟ್ಟಿ ನೋಡಿದಳು, ಹೊಸದು ಎಂದಳು. ಮೂಲೆಯಲ್ಲಿ ಸೈದಪ್ಪ ಕೆರೆಯುವ ಅಲಗು ಹಿಡಿದು ಕುಳಿತಿದ್ದ. ನಿನ್ನ ಊರು ಯಾವುದು ಎಂದಳು. ಯಾದಗಿರಿ ಕಡೆಯವನು ಎಂದ.

"ಮತ್ತೆ ಇನ್ನೇನು? ಇವನೂ ಕನ್ನಡದವನೇ. ಅಲಗು ಇವನ ಕೈಯಲ್ಲೇ ಉಂಟು," ಎಂದಳು ವನಮಾಲಾ.

ಅಷ್ಟು ಸಾಕಾಯಿತು.

*

ವಾಪಸು ಬರುವಾಗ ಬಸ್ಸಿನಲ್ಲಿ ಅಂತ್ಯಾಕ್ಷರಿ ನಡೆಯಿತು. ಚಕ್ಕುಲಿ ಡಬ್ಬಿಗಳು ಸೀಟಿನಿಂದ ಸೀಟಿಗೆ ದಾಟಿದವು. ಚಿತ್ರಶಾಲೆಯ ತಗ್ಗು ಬಾಗಿಲಿಗೆ ಹಣೆ ಬಡಿಸಿಕೊಂಡ ಗಂಡಸರು ಬಾವು ಉಜ್ಜಿಕೊಳ್ಳುತ್ತಿದ್ದರು.

"ಸರ್ವೋತ್ತಮಣ್ಣ ಎಲ್ಲರಿಗಿಂತ ಎತ್ತರ, ಅವರಿಗೆ ಮಾತ್ರ ಬಡೀಲೇ ಇಲ್ಲ ನೋಡಿ!" ಎಂದು ಯಾರೋ ನಗಾಡಿದರು.

ಸರ್ವೋತ್ತಮ ಮೈಕು ಹಿಡಿದು ಎದ್ದುನಿಂತರು. ಅರಮನೆಯ ಅಧಿಕಾರಿಗೆ ಹೊದಿಸಲೆಂದು ತಂದಿದ್ದ ಶಾಲು ಹಾಗೆಯೇ ಉಳಿದಿತ್ತು. ಅದನ್ನು ವನಮಾಲಾಳ ಹೆಗಲಿಗೆ ಹಾಕಿದರು. "ಇವತ್ತು ನಮ್ಮ ಮಾನ ಉಳಿಸಿದ್ದು ಇವರು," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ವೋತ್ತಮರ ಹೆಂಡತಿ ಜಯಲತಾ ಮಾತ್ರ ಕಿಟಕಿಗೆ ಹಣೆ ಆನಿಸಿ ಹೊರಗೆ ನೋಡುತ್ತಿದ್ದರು. ಬಸ್ಸಿನ ಕುಲುಕಾಟ ಅವರಿಗೆ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಹಿಂದಿನ ಸೀಟಿನಿಂದ ಹಯಗ್ರೀವ ಮಾವ ಮುಂದಕ್ಕೆ ಬಾಗಿದರು. ಬ್ಯಾಂಕಿನಿಂದ ರಿಟೈರ್ ಆದ ಮೆದು ಮಾತಿನ ಮುದುಕರು.

"ವನಮಾಲಾ, ಅಕ್ಕು ಅಂದ್ರೆ ನಮ್ಮ ಕಡೆಯ ಹೆಸರಲ್ವಾ? ನಾನು ಸಣ್ಣದಿರುವಾಗ ಅವಲಕ್ಕಿ ಕುಟ್ಟಲಿಕ್ಕೆ ಬರ್ತಿದ್ದ ಹೆಂಗಸು ಅಕ್ಕು. ಯಾದಗಿರಿಯಲ್ಲಿ ಆ ಹೆಸರು ಉಂಟಾ?"

"ಇರಬಹುದು ಮಾವ," ಎಂದಳು.

ಹಯಗ್ರೀವ ಮಾವ ಮತ್ತೆ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಗೋಡೆಯ ಮೇಲಿನ ಅಕ್ಷರ ಕೂಡಿಸಿದ ಕ್ಷಣವೇ ವನಮಾಲಾಳಿಗೆ ಉಡುಪಿಯ ತೌರುಮನೆಯ ಹಿಂಬಾಗಿಲಲ್ಲಿ ಕೂರುತ್ತಿದ್ದ ಅಕ್ಕುವಿನ ನೆನಪು ಬಂದಿತ್ತು. ಬಂದದ್ದನ್ನು ಅವಳು ಅಲ್ಲೇ ಒತ್ತಿಟ್ಟಿದ್ದಳು. ಎದುರು ನಿಂತವರೆಲ್ಲ ತನ್ನವರು, ಮೂಲೆಯಲ್ಲಿ ಕುಳಿತವನು ಯಾರೋ. ಶಾಲಿನ ಜರಿ ಕತ್ತಿಗೆ ಚುಚ್ಚುತ್ತಿತ್ತು. ಡೊಂಬಿವಲಿ ಬರುವವರೆಗೆ ಅದನ್ನು ತೆಗೆಯುವ ಧೈರ್ಯವೂ ಅವಳಿಗೆ ಬರಲಿಲ್ಲ.

*

ಮರುದಿನ ಅರಮನೆ ಕೆಲಸದ ಕಂತ್ರಾಟುದಾರನಿಂದ ಸೈದಪ್ಪನ ವಿಳಾಸ ಕೇಳಿಕೊಂಡು ವನಮಾಲಾ ಕಳವಾ ಸ್ಟೇಷನ್ನಿನಲ್ಲಿ ಇಳಿದಳು. ಲೋಕಲ್ ರೈಲುಗಳ ಕಾರ್‌ಶೆಡ್ಡಿನ ಗೋಡೆಯ ಪಕ್ಕದ ಗಲ್ಲಿ. ಕಬ್ಬಿಣದ ಏಣಿ ಹತ್ತಿ ಹೋದರೆ ಒಂದೇ ಖೋಲಿ.

ಬಾಗಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ತಲೆ ಎತ್ತಿದಳು. ಸೈದಪ್ಪನ ಹೆಂಡತಿ ಮರಗಮ್ಮ.

"ಇವ್ರ ಏನು?" ಎಂದು ಒಳಗೆ ಕೇಳಿದಳು.

ಗೋಡೆಗೆ ಒರಗಿ ಕುಳಿತಿದ್ದ ಸೈದಪ್ಪ ಹೌದೆಂದು ತಲೆಯಾಡಿಸಿದ. ಎಡಗಿವಿ ಊದಿತ್ತು. "ಬರ್ರಿ ಅಕ್ಕಾರ, ಕುಂದರ್ರಿ," ಎಂದ.

ವನಮಾಲಾ ಕೂರಲಿಲ್ಲ. "ನಿನ್ನೆ ನೀನು ಏನೋ ಹೇಳ್ಲಿಕ್ಕೆ ಬಂದೆ. ನಾನು ಬಿಡ್ಲಿಲ್ಲ. ಈಗ ಹೇಳ್ತೀಯಾ?"

ಅವನು ಬಲಗಿವಿಯನ್ನು ಅವಳ ಕಡೆಗೆ ತಿರುಗಿಸಿದ. ಇನ್ನೊಮ್ಮೆ ಜೋರಾಗಿ ಕೇಳಬೇಕಾಯಿತು.

"ಚಿತ್ರ ರಿಪೇರಿ ಮಾಡೋ ಕರ್ಣಿಕ್ ಬಾಯಾರು ಶನಿವಾರ ಹೇಳಿ ಹೋಗಿದ್ರು, ಕೆಳಗಿನ ಪಟ್ಟಿ ಸುಣ್ಣ ಬಿಡಸು ಅಂತ. ನೀವೆಲ್ಲ ಉಣ್ಣಾಕ ಹೋದಾಗ ಬಿಡಿಸಿದೆ. ಸುಣ್ಣದ ಬುಡಕ ಆ ಗೀರು ಕಂಡ್ತು. ಬಾಯಾರು ಬಂದ ಮ್ಯಾಲ ತೋರಸೋಣು ಅಂತ ಸುಮ್ಮನಿದ್ದೆ. ಅದು ಹೆಸರು ಅನ್ನೋದು ನೀವು ಓದಿದಾಗನ ನನಗ ಗೊತ್ತಾತು. ನಾ ಸಾಲಿಗೆ ಹೋಗಿಲ್ರಿ."

ಗೀರು ಸುಣ್ಣದ ಕೆಳಗಿತ್ತು. ಅಂದರೆ ಸುಣ್ಣ ಬಳಿಯುವುದಕ್ಕಿಂತ ಹಿಂದಿನದು. ಅವಳು ಮುಟ್ಟಿ ನೋಡಿದ ಪುಡಿ ಹಳೆಯ ಸುಣ್ಣದ್ದು. ಬಸ್ಸಿನಲ್ಲಿ ಬಂದವರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಸೈದಪ್ಪನೂ ಮಾಡಿರಲಿಲ್ಲ. ಅವನಿಗೆ ಒಂದು ಮಾತು ಆಡಲು ಬಿಟ್ಟಿದ್ದರೆ ಅಲ್ಲೇ ತೀರಿಹೋಗುತ್ತಿತ್ತು.

"ಕೆಲಸ?" ಎಂದಳು.

"ಬರಬ್ಯಾಡ ಅಂದಾರ."

"ತಪ್ಪಾಯ್ತು ಸೈದಪ್ಪ. ನನ್ನದೇ ತಪ್ಪು."

ಸೈದಪ್ಪ ಮುಜುಗರದಿಂದ ಕಾಲು ಒಳಗೆಳೆದುಕೊಂಡ. ಮರಗಮ್ಮ ಸೊಪ್ಪಿನ ಮೊರ ಕೆಳಗಿಟ್ಟಳು.

"ಅಷ್ಟು ಮಂದಿ ಮುಂದ ನನ್ನ ಗಂಡನ ಕಡಿ ಬೊಟ್ಟು ಮಾಡಿದ್ರಿ. ತಪ್ಪಾತು ಅನ್ನಾಕ ಈ ಖೋಲಿ ತನಕಾ ಬಂದೀರಿ. ಇಲ್ಲಿ ಯಾರದಾರ ಯವ್ವಾ ಕೇಳಾಕ? ಎಲ್ಲಿ ಅಂದ್ರಿ, ಅಲ್ಲೇ ಹೋಗಿ ಅನ್ರಿ."

ವನಮಾಲಾ ತಲೆ ತಗ್ಗಿಸಿ ಏಣಿ ಇಳಿದಳು. ಸ್ಟೇಷನ್ನಿನ ಬೆಂಚಿನಲ್ಲಿ ಕುಳಿತು ಬಳಗದ ಗ್ರೂಪಿಗೆ ಮೆಸೇಜು ಬರೆದಳು. ನಿನ್ನೆ ನಾನು ಹೇಳಿದ್ದು ಸುಳ್ಳು, ಆ ಮನುಷ್ಯ ನಿರಪರಾಧಿ, ನಾಳೆ ಅರಮನೆಗೆ ಹೋಗಿ ಅವನ ಕ್ಷಮೆ ಕೇಳುತ್ತೇನೆ, ಬರುವವರು ಬನ್ನಿ.

ಒಂದರ ಹಿಂದೊಂದು ನೀಲಿ ಗುರುತು ಬಿದ್ದವು. ಉತ್ತರ ಒಂದೂ ಬರಲಿಲ್ಲ.

*

ಅಲ್ಲಿಂದ ನೇರ ಸೀವುಡ್ಸ್‌ಗೆ ಹೋದಳು. ಸ್ಟೇಷನ್ನಿನ ಎದುರಿನ ಸಾಲಿನಲ್ಲಿ ಸರ್ವೋತ್ತಮರ ಹೋಟೆಲು. ಮಧ್ಯಾಹ್ನದ ರಶ್ಶು ಇಳಿದಿತ್ತು. ಗಲ್ಲಾದಲ್ಲಿ ಜಯಲತಾ ಕುಳಿತಿದ್ದರು.

ಸರ್ವೋತ್ತಮ ಕಾಫಿ ತರಿಸಿ, ದನಿ ತಗ್ಗಿಸಿ ಮಾತಾಡಿದರು.

"ಎಂಥ ವನಮಾಲಕ್ಕ, ಆ ಮೆಸೇಜ್ ಯಾಕೆ ಹಾಕಿದ್ದು? ಮುಗಿದ ವಿಷಯ."

"ಅವನಿಗೆ ಮುಗೀಲಿಲ್ಲ ಸರ್ವೋತ್ತಮಣ್ಣ. ಕೆಲಸ ಹೋಯ್ತು. ಒಂದು ಕಿವಿ ಸರಿಯಾಗಿ ಕೇಳ್ತಾ ಇಲ್ಲ."

"ಅಯ್ಯೋ ಪಾಪ. ನಾವೆಲ್ಲ ಸೇರಿ ಏನಾದ್ರೂ ಸಹಾಯ ಮಾಡುವ. ಆದ್ರೆ ಪುನಃ ಅಲ್ಲಿಗೆ ಹೋಗಿ ಕೆದಕುವುದು ಬೇಡ. ಹಳೇ ಗೋಡೆ, ಹಳೇ ಹೆಸರು. ಯಾರು ಬರೆದ್ರೆ ನಮಗೇನು?"

ಹಳೇ ಹೆಸರು. ವನಮಾಲಾಳ ಕೈಯಲ್ಲಿ ಲೋಟ ಹಾಗೇ ನಿಂತಿತು. ಸುಣ್ಣದ ವಿಷಯ ಅವಳು ಮೆಸೇಜಿನಲ್ಲಿ ಬರೆದಿರಲಿಲ್ಲ. ಇವರಿಗೂ ಹೇಳಿರಲಿಲ್ಲ.

"ಹಳೇದು ಅಂತ ನಿಮಗೆ ಯಾರು ಹೇಳಿದ್ದು?"

"ಯಾರು ಅಂದ್ರೆ... ನಿನ್ನೆ ಮನೆಯಲ್ಲಿ ಹಾಗೇ ಮಾತು ಬಂತು." ಅವರು ಗಲ್ಲಾದ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿದರು. "ಬಿಡಿ, ನಾನಂತೂ ಬರುವುದಿಲ್ಲ."

"ನಾವು ಬರ್ತೇವೆ," ಎಂದರು ಜಯಲತಾ.

ಚಿಲ್ಲರೆ ಕೊಡುತ್ತಿದ್ದ ಕೈ ನಿಲ್ಲಿಸದೆಯೇ ಹೇಳಿದ್ದರು. ಸರ್ವೋತ್ತಮ ಬೆರಗಾಗಿ ಹೆಂಡತಿಯನ್ನು ನೋಡಿದರು.

"ಆ ಹುಡುಗನಿಗೆ ಪೆಟ್ಟು ಬೀಳುವಾಗ ನಾನೂ ಅಲ್ಲೇ ಇದ್ದೆ," ಎಂದರು ಜಯಲತಾ. "ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡ್ಕೊಂಡು ನಿಂತಿದ್ದೆ. ನಾಳೆ ಬರ್ತೇವೆ."

*

ಮಂಗಳವಾರ ಅರಮನೆಯ ಅಂಗಳದಲ್ಲಿ ಸೈದಪ್ಪ ದೂರವೇ ನಿಂತಿದ್ದ. ಮರಗಮ್ಮ ಜೊತೆಗೆ ಬಂದಿದ್ದಳು. ಬಳಗದಿಂದ ಬಂದವರು ಜಯಲತಾ, ಅವರ ಮಾತು ಮೀರಲಾಗದೆ ಸರ್ವೋತ್ತಮ.

ಗೋಡೆಚಿತ್ರಗಳನ್ನು ದುರಸ್ತಿ ಮಾಡುವ ಕರ್ಣಿಕ್ ಬಾಯಿ ಭೂತಗನ್ನಡಿ ಹಿಡಿದು ಬೀಸಣಿಗೆಯವಳ ಪಾದದ ಬಳಿ ಬಹಳ ಹೊತ್ತು ಕುಳಿತರು. ಆಮೇಲೆ ಅಧಿಕಾರಿಗೆ ಮರಾಠಿಯಲ್ಲಿ ಹೇಳಿದರು. "ಗೀರಿನ ಒಳಗೆ ಸುಣ್ಣ ಇಳಿದಿದೆ. ಅದರ ಅಡಿಯಲ್ಲಿ ಮಸಿ. ಇದು ಇವತ್ತು ನಿನ್ನೆಯದಲ್ಲ. ಸೈದಪ್ಪ ನಾನು ಹೇಳಿದ ಕೆಲಸವನ್ನೇ ಮಾಡಿದ್ದಾನೆ."

ಅಧಿಕಾರಿಯ ಮುಖ ಸಣ್ಣದಾಯಿತು. ವನಮಾಲಾ ಸೈದಪ್ಪ, ಮರಗಮ್ಮರನ್ನೂ ಕಾವಲುಗಾರನನ್ನೂ ಒಳಗೆ ಕರೆಸಿದಳು. ಅಂದು ಬೊಟ್ಟು ಮಾಡಿದ ಜಾಗದಲ್ಲೇ ನಿಂತಳು. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದಳು.

"ನಾನು ನೋಡದೆ ಹೇಳಿದೆ. ಅವನು ಮಾತಾಡಲಿಕ್ಕೆ ಬಂದಾಗ ಬಾಯಿ ಮುಚ್ಚಿಸಿದೆ. ಅಕ್ಕು ನಮ್ಮ ಕರಾವಳಿಯ ಹೆಸರು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಸೈದಪ್ಪ, ನನ್ನನ್ನು ಕ್ಷಮಿಸು."

ಸೈದಪ್ಪ ನೆಲ ನೋಡುತ್ತಿದ್ದ. ಮರಗಮ್ಮ ಮಾತ್ರ ಒಮ್ಮೆ ತಲೆದೂಗಿದಳು. ಅವನು ಕೆಲಸಕ್ಕೆ ಬರಲಿ ಎಂದರು ಅಧಿಕಾರಿ. ಕಾವಲುಗಾರ ಗೋಡೆಯ ಗಿಣಿಯನ್ನು ಮೊದಲ ಬಾರಿ ಕಂಡವನಂತೆ ಅದನ್ನೇ ದಿಟ್ಟಿಸುತ್ತಿದ್ದ.

"ಸರಿ, ಆಯ್ತಲ್ಲ. ಇನ್ನು ಹೊರಡುವ," ಎಂದರು ಸರ್ವೋತ್ತಮ.

"ಒಂದು ನಿಮಿಷ." ವನಮಾಲಾ ಅಧಿಕಾರಿಯ ಕಡೆ ತಿರುಗಿದಳು. "ಇಷ್ಟು ಚಂದದ ಚಿತ್ರಕ್ಕೆ ಸುಣ್ಣ ಬಳಿದದ್ದು ಯಾರು?"

"ನಮ್ಮ ಕೈಗೆ ಬರುವ ಮೊದಲು ಒಳಗಿನ ಕೋಣೆಗಳು ಬಾಡಿಗೆಗೆ ಇದ್ದವು. ಹಪ್ಪಳದ ಕಾರ್ಖಾನೆ. ನಲವತ್ತು ವರ್ಷದ ಮೇಲಾಯಿತು. ದಕ್ಷಿಣದ ಕಡೆಯಿಂದ ಹುಡುಗಿಯರನ್ನು ಕರೆತಂದು ಇಲ್ಲೇ ಇಟ್ಟುಕೊಂಡಿದ್ದರಂತೆ. ಒಂದು ದಿನ ಎಲ್ಲಕ್ಕೂ ಸುಣ್ಣ ಹೊಡೆದು ಬೀಗ ಹಾಕಿ ಹೋದರು. ಯಾಕೆ ಅಂತ ಊರವರಿಗೂ ತಿಳಿಯದು."

ವನಮಾಲಾ ಸರ್ವೋತ್ತಮರ ಎದುರು ಬಂದು ನಿಂತಳು.

"ಸರ್ವೋತ್ತಮಣ್ಣ, ನೀವು ಹಿಂದೆ ಇಲ್ಲಿಗೆ ಬಂದಿದ್ರಾ?"

"ನಾನಾ? ಇಲ್ಲಪ್ಪ."

"ಆ ಬಾಗಿಲು ನೋಡಿ. ಭಾನುವಾರ ಓಣಿಯಲ್ಲಿ ಕತ್ತಲು. ಬಾಗಿಲು ತಗ್ಗು ಅಂತ ಯಾರೂ ಹೇಳಿರಲಿಲ್ಲ. ನಿಮಗಿಂತ ಗಿಡ್ಡ ಇದ್ದವರೆಲ್ಲ ಹಣೆ ಬಡಿಸಿಕೊಂಡ್ರು. ನಿಮ್ಮ ತಲೆ ಮಾತ್ರ ಮುಂಚೆಯೇ ಬಗ್ಗಿತ್ತು."

"ಅದಕ್ಕೆ?"

"ಹೆಸರು ಹಳೇದು ಅಂತಲೂ ನಿಮಗೆ ಗೊತ್ತಿತ್ತು. ನೀವು ಸಣ್ಣ ಪ್ರಾಯದಲ್ಲೇ ಮುಂಬಯಿಗೆ ಬಂದವರು. ಈ ಕಾರ್ಖಾನೆಯಲ್ಲಿ ನೀವು ಇದ್ರಿ. ಅಕ್ಕು ಯಾರು? ಅವಳಿಗೆ ಏನಾಯ್ತು?"

ಸರ್ವೋತ್ತಮ ಬಾಗಿಲನ್ನೂ ಅವಳನ್ನೂ ನೋಡಿದರು. ಆ ಮುಖದಲ್ಲಿ ಸಿಕ್ಕಿಬಿದ್ದವನ ಭಯವನ್ನು ವನಮಾಲಾ ಹುಡುಕಿದಳು. ಅಲ್ಲಿದ್ದದ್ದು ಬರೀ ಗೊಂದಲ. ಯಾಕೆ ಬೈಯುತ್ತಿದ್ದಾರೆಂದು ತಿಳಿಯದ ಮಗುವಿನ ಗೊಂದಲ.

"ವನಮಾಲಾ, ಅವರನ್ನು ಬಿಡಿ."

ಜಯಲತಾ ಗಂಡನ ತೋಳು ಹಿಡಿದು ಮುಂದೆ ಬಂದರು.

"ಅವರ ತಲೆ ಬಗ್ಗಿಸಿದ್ದು ನಾನು. ಕತ್ತಲಲ್ಲಿ ನನ್ನ ಕೈ ಅವರ ಕುತ್ತಿಗೆಯ ಮೇಲಿತ್ತು. ಹೆಸರು ಹಳೇದು ಅಂತ ಮನೆಯಲ್ಲಿ ಹೇಳಿದ್ದೂ ನಾನೇ. ಅವರಿಗೆ ಎಂಥದೂ ಗೊತ್ತಿಲ್ಲ."

ಕ್ಷಮೆ ಕೇಳಿದ ಬಾಯಿ ಒಣಗುವ ಮೊದಲೇ, ಅದೇ ಕೋಣೆಯಲ್ಲಿ, ಇನ್ನೊಬ್ಬ ನಿರಪರಾಧಿಯ ಕಡೆಗೆ ವನಮಾಲಾ ಬೊಟ್ಟು ಮಾಡಿದ್ದಳು. ಮರಗಮ್ಮನ ಕಣ್ಣು ತನ್ನ ಬೆನ್ನ ಮೇಲಿದೆ ಎಂದು ಹಿಂದಿರುಗಿ ನೋಡದೆಯೇ ಅವಳಿಗೆ ತಿಳಿಯಿತು.

"ಜಯಕ್ಕ..."

"ಅಕ್ಕು ನಾನೇ," ಎಂದರು ಜಯಲತಾ.

ಅವರು ಬೀಸಣಿಗೆಯವಳ ಪಾದದ ಕಡೆ ಕೈ ತೋರಿಸಿದರು.

"ಈ ಕೋಣೆಯಲ್ಲಿ ನಮ್ಮನ್ನು ಕೂಡಿಹಾಕಿದ್ರು. ಹಪ್ಪಳದ ಒಲೆಯ ಹೊಗೆ, ಕಿಟಕಿ ಇಲ್ಲ. ಕೈಬಳೆಯ ತುಂಡಿನಲ್ಲಿ ಗೀಚಿದ್ದು. ಭಾನುವಾರ ಬಸ್ಸು ಗೇಟಿನ ಒಳಗೆ ತಿರುಗಿದಾಗಲೇ ನನಗೆ ಜಾಗ ಗುರುತು ಸಿಕ್ಕಿದ್ದು. ನಾನು ಇಲ್ಲಿಂದ ಹೊರಡುವಾಗಲೇ ಸುಣ್ಣ ಹೊಡೀತಿದ್ರು, ಹೆಸರು ಕಾಣಲಿಕ್ಕಿಲ್ಲ ಅಂತ ಧೈರ್ಯ ಮಾಡಿ ಒಳಗೆ ಬಂದೆ." ಅವರು ಸೈದಪ್ಪನ ಕಡೆ ನೋಡಿದರು. "ನನ್ನ ಹೆಸರಿಗೆ ನೀನು ಪೆಟ್ಟು ತಿಂದಿ ಮಗಾ. ನಾನು ನೋಡ್ತಾ ನಿಂತೆ. ವನಮಾಲಾ ಒಬ್ಬಳದೇ ತಪ್ಪು ಅಂತ ಹೇಳ್ಬೇಡ."

"ಇಷ್ಟು ವರ್ಷ ನನಗೆ ಒಂದು ಮಾತು ಹೇಳ್ಲಿಲ್ವಲ್ಲ ಮಾರಾಯ್ತಿ," ಎಂದರು ಸರ್ವೋತ್ತಮ. ಅವರ ಕಣ್ಣು ತುಂಬಿತ್ತು. "ಹೇಳಿದ್ರೆ ನಾನು ಏನು ಮಾಡ್ತಿದ್ದೆ? ಬಿಟ್ಟು ಹೋಗ್ತಿದ್ನಾ?"

ಜಯಲತಾ ಗಂಡನ ತೋಳು ಬಿಟ್ಟರು. ಗೋಡೆಯ ಬಳಿ ಮೊಣಕಾಲೂರಿ, ಹೆಸರಿನ ಕೆಳಗೆ ಇನ್ನೂ ಬೆಳ್ಳಗಿದ್ದ ಪಟ್ಟಿಯನ್ನು ಅಂಗೈಯಿಂದ ಮುಟ್ಟಿದರು.

"ಇಲ್ಲಿ ಸ್ವಲ್ಪ ಸುಣ್ಣ ತೆಗೀತೀಯಾ ತಮ್ಮಾ?"

ಸೈದಪ್ಪ ಕರ್ಣಿಕ್ ಬಾಯಿಯ ಮುಖ ನೋಡಿದ. ಅವರು ಹೂಂಗುಟ್ಟಿದರು. ಅವನು ಹತ್ತಿಯ ಉಂಡೆಯನ್ನು ನೀರಿಗೆ ಅದ್ದಿ ಗೋಡೆಗೆ ಒತ್ತಿ ಹಿಡಿದ, ಆಮೇಲೆ ಅಲಗಿನ ತುದಿಯಿಂದ ಮೆಲ್ಲಗೆ ಎಬ್ಬಿಸಿದ. ಸುಣ್ಣದ ಹಕ್ಕಳೆ ಕಳಚಿ ಬಿತ್ತು. ಗೇರುಗೆಂಪಿನ ಅಂಚು ಕಂಡಿತು. ಅದರ ಮೇಲೆ ಗೀರು.

ಮೇಲಿನ ಹೆಸರು ಸೊಟ್ಟ ಸೊಟ್ಟ, ಬರೆಯಲು ಬಾರದವರು ಬರೆದ ಹಾಗಿತ್ತು. ಇದು ಶಾಲೆಯಲ್ಲಿ ತಿದ್ದಿ ಕಲಿತ ದುಂಡಗಿನ ಅಕ್ಷರ. ವನಮಾಲಾ ಬಗ್ಗಿ ಓದಿದಳು.

"ಜಯಲತಾ."

ಸರ್ವೋತ್ತಮ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. "ನೋಡಿ ಇವಳನ್ನು! ಮನೆಯಲ್ಲಿ ಕರೆಯುವ ಹೆಸರು, ಶಾಲೆಯ ಹೆಸರು, ಎರಡನ್ನೂ ಬರೆದಿಟ್ಟಿದ್ದಾಳೆ."

ಹೆಂಡತಿಯನ್ನು ಎಬ್ಬಿಸಲು ಅವರು ಕೈ ಚಾಚಿದರು. ಆಕೆ ಆ ಕೈ ಹಿಡಿಯಲಿಲ್ಲ.

"ಅಲ್ಲ," ಎಂದರು, ಗೋಡೆಯಿಂದ ಕಣ್ಣು ತೆಗೆಯದೆ. "ನನಗೆ ಇದ್ದದ್ದು ಮೇಲಿನ ಹೆಸರು ಒಂದೇ. ಅಕ್ಷರ ಹೇಗೆ ಬರೆಯುವುದು ಅಂತ ನನಗೆ ತೋರಿಸಿಕೊಟ್ಟವಳು ಜಯಲತಾ. ಬಾಗಿಲು ತೆಗೆದ ದಿನ ಜೀವಸಹಿತ ಹೊರಗೆ ಬಂದದ್ದು ನಾನೊಬ್ಬಳೇ, ಅವಳ ಹೆಸರು ಹೊತ್ತುಕೊಂಡು."